ಮರಳನ್ನು ಕಟ್ಟಿಹಾಕಿದ ಕಾಡು

ಮರಳು ನೋಡಲೆಂದು ಹೋದವನಿಗೆ ಐವತ್ತು ಕಿಲೋಮೀಟರು ಉದ್ದಕ್ಕೂ ಕಂಡದ್ದು ಬರೀ ಕಾಡು. ಲಿಥುವೇನಿಯಾದ ಬಂದರು ಪಟ್ಟಣ ಕ್ಲೈಪೆಡಾದಲ್ಲಿ ಫೆರ್ರಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಡ. ಅಲ್ಲಿಂದ ದಕ್ಷಿಣಕ್ಕೆ ನಿಡಾ ಎಂಬ ಊರಿನವರೆಗೆ ಒಂದೇ ರಸ್ತೆ. ಎಡಕ್ಕೂ ಪೈನ್, ಬಲಕ್ಕೂ ಪೈನ್. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಹಿಗ್ಗಿದ ನಮ್ಮ ಅಕ್ಕನ ಮಗ ಅರ್ಧ ದಾರಿಯಲ್ಲೇ ಬೇಸತ್ತ. ಕೌನಾಸಿನಲ್ಲಿ ವೈದ್ಯಕೀಯ ಓದುತ್ತಿರುವ ಹುಡುಗ ಅವನು. ನನ್ನನ್ನು ಕರೆದುಕೊಂಡು ಹೋಗುವ ನೆಪದಲ್ಲಿ ತಾನೂ ಮೊದಲ ಸಲ ಇತ್ತ ಬಂದಿದ್ದ.

"ಮಾಮ, ಮರಳು ಎಲ್ಲಿದೆ?"

"ನಾವೀಗ ಅದರ ಮೇಲೇ ಹೋಗ್ತಿರೋದು ಕಣೋ."

ನಿಜಕ್ಕೂ ಹಾಗೆಯೇ. ಕುರೊನಿಯನ್ ಸ್ಪಿಟ್ ಎಂದು ಜಗತ್ತು ಕರೆಯುವ ಈ ನೆಲ ಬಾಲ್ಟಿಕ್ ಸಮುದ್ರಕ್ಕೂ ಕುರೊನಿಯನ್ ಲಗೂನಿಗೂ ನಡುವೆ ಬಿದ್ದುಕೊಂಡಿರುವ 98 ಕಿಲೋಮೀಟರು ಉದ್ದದ ಮರಳಿನ ಪಟ್ಟಿ. ಉತ್ತರದ 52 ಕಿಲೋಮೀಟರು ಲಿಥುವೇನಿಯಾದ್ದು, ದಕ್ಷಿಣದ 46 ರಷ್ಯಾದ ಕಲಿನಿನ್‌ಗ್ರಾಡ್ ಪ್ರಾಂತದ್ದು. ಅಗಲ ಎಲ್ಲಿಯೂ ನಾಲ್ಕು ಕಿಲೋಮೀಟರು ದಾಟುವುದಿಲ್ಲ. ರಷ್ಯಾದ ಕಡೆ ಒಂದೆಡೆ ಅದು ಬರೀ ನಾನೂರು ಮೀಟರಿಗೆ ಇಳಿಯುತ್ತದೆ. ಪಶ್ಚಿಮದ ದಡದಲ್ಲಿ ಉಪ್ಪು ಅಲೆ. ಪೂರ್ವದ ದಡದಲ್ಲಿ ನೆಮುನಾಸ್ ನದಿ ತಂದು ಸುರಿಯುವ ಸಿಹಿನೀರು. ನೆರಿಂಗಾ ಎಂಬ ದೈತ್ಯ ಹುಡುಗಿ ಬೆಸ್ತರನ್ನು ಬಿರುಗಾಳಿಯಿಂದ ಕಾಪಾಡಲು ಮಡಿಲಲ್ಲಿ ಮರಳು ಹೊತ್ತು ತಂದು ಸುರಿದಳು, ಅದೇ ಈ ದಂಡೆಯಾಯಿತು ಎಂದು ಅಲ್ಲಿಯವರ ಕತೆ. ಈ ಭಾಗದ ಪುರಸಭೆಗೂ ಅವಳದೇ ಹೆಸರು.

ಯುನೆಸ್ಕೊ 2000ದಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಸಮುದ್ರ, ಮರಳು, ಕಾಡು, ಹಕ್ಕಿ ಎಲ್ಲ ಇರುವ ಈ ಜಾಗ ಆ ಪಟ್ಟಿಯಲ್ಲಿ ಪ್ರಾಕೃತಿಕ ತಾಣವಾಗಿ ಇಲ್ಲ, ಸಾಂಸ್ಕೃತಿಕ ತಾಣವಾಗಿ ಇದೆ. ಓದಿದಾಗ ಗುಮಾಸ್ತರ ಎಡವಟ್ಟಿರಬೇಕು ಅನ್ನಿಸಿತ್ತು. ಎರಡು ದಿನ ಅಲ್ಲಿ ತಿರುಗಾಡಿದವರಿಗೆ ಅದಕ್ಕಿಂತ ಸರಿಯಾದ ವರ್ಗೀಕರಣ ಇನ್ನೊಂದಿಲ್ಲ ಎಂದು ಗೊತ್ತಾಗುತ್ತದೆ. ಬಸ್ಸಿನಿಂದ ಕಂಡ ಆ ಕಾಡಿನ ಬಹುಪಾಲು ಮನುಷ್ಯರು ಕೈಯಾರೆ ನೆಟ್ಟದ್ದು.

ನೆಡುವ ಮೊದಲು ಕಡಿದವರೂ ಮನುಷ್ಯರೇ. ಒಂದು ಕಾಲಕ್ಕೆ ಈ ದಂಡೆಯನ್ನು ಹಳೆಯ ದಟ್ಟ ಕಾಡು ಹೊದ್ದುಕೊಂಡಿತ್ತು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಹಡಗಿಗೆ, ಇದ್ದಿಲಿಗೆ, ಡಾಂಬರಿಗೆ ಎಂದು ಮರ ಬಿದ್ದವು. ಉಳಿದ ಹಸುರನ್ನು ದನಕರು ಮೇಯ್ದವು. 1756ರಿಂದ 1763ರವರೆಗೆ ನಡೆದ ಏಳು ವರ್ಷಗಳ ಯುದ್ಧದಲ್ಲಿ ಇಲ್ಲಿಗೆ ಬಂದ ರಷ್ಯಾದ ಸೈನ್ಯ ತನ್ನ ಪಾಲಿನದನ್ನೂ ಕಡಿಯಿತು. ಬೇರಿನ ಹಿಡಿತ ತಪ್ಪಿದ ಮರಳು ಎದ್ದಿತು. ಇಲ್ಲಿ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮದ ಸಮುದ್ರದಿಂದ. ಬೆಸ್ತರ ಹಳ್ಳಿಗಳೆಲ್ಲ ಇದ್ದದ್ದು ಪೂರ್ವದ ಲಗೂನಿನ ದಡದಲ್ಲಿ. ದಿಬ್ಬಗಳು ವರ್ಷಕ್ಕೆ ಹಲವು ಮೀಟರಿನಂತೆ ಪೂರ್ವಕ್ಕೆ ಸರಿದವು, ದಾರಿಗೆ ಅಡ್ಡ ಬಂದದ್ದನ್ನೆಲ್ಲ ನುಂಗಿದವು. ಮೊದಲು ಹಿತ್ತಲ ಬೇಲಿ, ಆಮೇಲೆ ಬಾವಿ, ಆಮೇಲೆ ಮನೆಯ ಗೋಡೆ. ಜನ ಮನೆ ಬಿಚ್ಚಿಕೊಂಡು ಇನ್ನಷ್ಟು ದೂರ ಹೋಗಿ ಕಟ್ಟಿಕೊಳ್ಳುವರು, ಒಂದೆರಡು ತಲೆಮಾರಿನಲ್ಲಿ ಮರಳು ಅಲ್ಲಿಗೂ ಬರುವುದು. ಇಂದಿನ ನಿಡಾ ಕೂಡ ಹೀಗೆ ಜಾಗ ಬಿಟ್ಟು ಜಾಗಕ್ಕೆ ಬಂದು ನಿಂತ ಊರು.

ಕಾರ್ವೈಚಿಯೈ ಎಂಬ ಹಳ್ಳಿಗೆ ಆ ಅದೃಷ್ಟವೂ ಇರಲಿಲ್ಲ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ಮರಳಿನಡಿ ಹೋಯಿತು. 1776ರಲ್ಲಿ ಅಲ್ಲಿ ಹುಟ್ಟಿದ ಲ್ಯುಡ್ವಿಕಸ್ ರೇಜಾ ಎಂಬ ಅನಾಥ ಹುಡುಗ ಮುಂದೆ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. ಲಿಥುವೇನಿಯನ್ ಭಾಷೆಯ ಮೊದಲ ದೊಡ್ಡ ಕಾವ್ಯವಾದ ಡೊನೆಲೈಟಿಸ್‌ನ 'ಮೆಟೈ'ಯನ್ನು 1818ರಲ್ಲಿ ಅಚ್ಚು ಹಾಕಿಸಿದವನು ಅವನೇ. ಮುಳುಗಿದ ತನ್ನೂರಿನ ಮೇಲೂ ಒಂದು ಪದ್ಯ ಬರೆದ. ಊರಿದ್ದ ಜಾಗದಲ್ಲಿ ಈಗ ಅವನ ನೆನಪಿಗೊಂದು ಮರದ ಪ್ರತಿಮೆ ನಿಂತಿದೆ, ಸುತ್ತ ಪೈನ್ ಬೆಳೆದಿದೆ.

ಮೈಸೂರು ಸೀಮೆಯವನಿಗೆ ಇಲ್ಲಿ ತಲಕಾಡು ನೆನಪಾಗದೆ ಇರುವುದು ಸಾಧ್ಯವಿಲ್ಲ. ಪಂಚಲಿಂಗ ದರ್ಶನಕ್ಕೆ ಹೋದಾಗ ಬರಿಗಾಲಲ್ಲಿ ಸುಡುವ ಮರಳು ತುಳಿದು, ಗುಂಡಿಗೆ ಇಳಿದಂತೆ ಮೆಟ್ಟಿಲಿಳಿದು ದೇವಸ್ಥಾನ ನೋಡಿದವರು ನಾವು. ನಮ್ಮಲ್ಲಿ ಅದಕ್ಕೆ ಅಲಮೇಲಮ್ಮನ ಶಾಪ ಕಾರಣ. ಮಾಧವಮಂತ್ರಿ ಕಟ್ಟೆಯಿಂದ ಹೊಳೆಯ ಹರಿವು ಬದಲಾಗಿ ಮರಳು ಗಾಳಿಗೆ ತೆರೆದುಕೊಂಡಿತು ಎಂಬ ವಾದವೂ ಇದೆ, ಆದರೆ ಜನರ ಬಾಯಲ್ಲಿ ಉಳಿದಿರುವುದು ಶಾಪವೇ. ಕುರೊನಿಯನ್ ದಂಡೆಯವರಿಗೆ ಶಾಪ ಹಾಕಿದ ರಾಣಿ ಯಾರೂ ಇರಲಿಲ್ಲ. ಮರ ಕಡಿದದ್ದು ತಾವೇ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಪರಿಹಾರವನ್ನೂ ಮರದಲ್ಲೇ ಹುಡುಕಬೇಕಾಯಿತು.

ಹುಡುಕಿದ ಬಗೆ ಸ್ವಾರಸ್ಯವಾಗಿದೆ. ಇದೇ ಕರಾವಳಿಯಲ್ಲಿ ಇನ್ನೂ ಪಶ್ಚಿಮಕ್ಕಿರುವ ಡಾನ್‌ಜಿಗ್ ನಗರದ ವಿಜ್ಞಾನ ಸಂಘ ಮರಳಿನ ಹಾವಳಿ ತಡೆಯಲು ಅಗ್ಗದ ಉಪಾಯ ಯಾವುದು ಎಂದು ಪ್ರಬಂಧ ಸ್ಪರ್ಧೆ ಇಟ್ಟಿತು. 1768ರಲ್ಲಿ ಬಹುಮಾನ ಪಡೆದವನು ವಿಟೆನ್‌ಬರ್ಗಿನ ಪ್ರಾಧ್ಯಾಪಕ ಯೋಹಾನ್ ಡೇನಿಯಲ್ ಟೀಟಿಯಸ್. ಸೂರ್ಯನಿಂದ ಗ್ರಹಗಳ ದೂರವನ್ನು ಸಂಖ್ಯೆಗಳ ಒಂದು ಸರಣಿಗೆ ಹೊಂದಿಸಿದ ಟೀಟಿಯಸ್–ಬೋಡೆ ನಿಯಮದ ಅದೇ ಟೀಟಿಯಸ್! ಮರ ಬೆಳೆಸಿ ಎಂದು ಅವನು ಬರೆದ. ಹೇಳಲು ಸುಲಭ. ಚಲಿಸುವ ಮರಳಿನಲ್ಲಿ ಸಸಿ ನೆಟ್ಟರೆ ಒಂದೋ ಬುಡ ಬಯಲಾಗಿ ಬೀಳುತ್ತದೆ, ಇಲ್ಲವೇ ತುದಿಯವರೆಗೂ ಹೂತುಹೋಗುತ್ತದೆ.

ನಿಡಾದಲ್ಲಿ ಈ ಕೆಲಸಕ್ಕೆ ಕೈ ಹಾಕಿದವನು ಅಲ್ಲಿನ ಅಂಚೆ ಠಾಣೆಯ ಯಜಮಾನ ಗಿಯೋರ್ಗ್ ಡೇವಿಡ್ ಕುವರ್ಟ್. ಆಗ ಯುರೋಪಿನ ದೊಡ್ಡ ಅಂಚೆದಾರಿಯೊಂದು ಈ ದಂಡೆಯ ಮೇಲೇ ಹಾಯುತ್ತಿತ್ತು. ಮರಳು ಬಂದರೆ ಅವನ ಠಾಣೆಯೂ ಹೋಗುತ್ತಿತ್ತು. 1825ರ ಸುಮಾರಿಗೆ ಊರಿನ ನೆತ್ತಿಯ ಮೇಲಿದ್ದ ಉರ್ಬಾಸ್ ಗುಡ್ಡದಲ್ಲಿ ನೆಡಲು ಶುರು ಮಾಡಿದ. ಅವನ ನಂತರ ಮಗ ಮುಂದುವರಿಸಿದ. ಆ ಗುಡ್ಡದ ಮೇಲೆ ಈಗ ದೀಪಸ್ತಂಭವಿದೆ. ಅಲ್ಲಿಗೆ ಏರುವ ಕಾಲುದಾರಿಯ ಮಗ್ಗುಲಲ್ಲಿ ಕಾಲಿನಿಂದ ಒಣ ಸೂಜಿ ಎಲೆಗಳನ್ನು ಸರಿಸಿ ನೋಡಿದೆ. ಬೆರಳುದ್ದದ ಕಪ್ಪು ಮಣ್ಣು, ಅದರಡಿ ಸಕ್ಕರೆಯಂಥ ಬಿಳಿ ಮರಳು. ಇನ್ನೂರು ವರ್ಷ ಎಲೆ ಉದುರಿ, ಕೊಳೆತು ಆದ ಸಂಪಾದನೆ ಅಷ್ಟೇ.

ಮರಳನ್ನು ಪಳಗಿಸುವ ಕೆಲಸ ಸಮುದ್ರದ ಅಂಚಿನಿಂದ ಶುರುವಾಗುತ್ತಿತ್ತು. ಅದನ್ನು ಇಂದಿಗೂ ಕಣ್ಣಾರೆ ನೋಡಬಹುದು. ದಡದುದ್ದಕ್ಕೂ ಒಣ ರೆಂಬೆಗಳನ್ನು ಒತ್ತೊತ್ತಾಗಿ ಹೂತು ಮೊಣಕಾಲೆತ್ತರದ ಬೇಲಿ ಕಟ್ಟಿರುತ್ತಾರೆ. ಗಾಳಿ ಅದರ ಸಂದಿಗಳಲ್ಲಿ ನುಸುಳುವಾಗ ಜೋರು ಕಳೆದುಕೊಂಡು ಹೊತ್ತ ಮರಳನ್ನು ಅಲ್ಲೇ ಇಳಿಸುತ್ತದೆ. ನಾನು ಒಂದು ಬೇಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ: ಗಾಳಿ ಬರುವ ಬದಿಯಲ್ಲಿ ಕಣಗಳು ಸರಸರ ಉರುಳಿಬಂದು ರೆಂಬೆಗೆ ಬಡಿಯುತ್ತಿದ್ದವು, ಆಚೆ ಬದಿಯಲ್ಲಿ ಬೆಕ್ಕಿನ ಬಾಲದಂತೆ ಸಣ್ಣ ಸಣ್ಣ ಗುಪ್ಪೆಗಳು ಬೆಳೆಯುತ್ತಿದ್ದವು. ಬೇಲಿ ಮುಳುಗಿದ ಮೇಲೆ ಅದರ ಮೇಲೊಂದು ಬೇಲಿ. ಹೀಗೆ ಎದ್ದದ್ದು ಸಮುದ್ರದಂಚಿನ ಕಾವಲು ದಿಬ್ಬ. ಹಿಂದೆ ಇರುವುದಕ್ಕೆಲ್ಲ ಅದೇ ರಕ್ಷೆ. ಅದು ತಾನಾಗಿ ಆದದ್ದೆಂದು ತಿಳಿದು ಟವೆಲ್ ಹಾಸಿ ಬಿಸಿಲು ಕಾಯಲು ಮೇಲೆ ಹತ್ತುವವರನ್ನು ಇಳಿಸಲು ಅಲ್ಲಲ್ಲಿ ಫಲಕಗಳಿವೆ.

ಕಾವಲು ದಿಬ್ಬ ನಿಂತ ಮೇಲೆ ಒಳಗಿನ ದೊಡ್ಡ ದಿಬ್ಬಗಳ ಸರದಿ. ಮರಳಿನ ಮೇಲೆ ರೆಂಬೆ, ಜೊಂಡುಗಳನ್ನು ಚದುರಂಗದ ಮನೆಗಳಂತೆ ಚೌಕಚೌಕವಾಗಿ ಹಾಸಿ, ಪ್ರತಿ ಚೌಕದಲ್ಲಿ ಗಿಡ ನೆಡಬೇಕು. ಅದಕ್ಕೆ ಆರಿಸಿದ್ದು ಬೆಟ್ಟದ ಪೈನ್. ಮಧ್ಯ ಯುರೋಪಿನ ಪರ್ವತಗಳಲ್ಲಿ ಹಿಮಕ್ಕೂ ಗಾಳಿಗೂ ಬಗ್ಗಿ ನೆಲವನ್ನು ತಬ್ಬಿಕೊಂಡು ಬೆಳೆಯುವ ಕುಳ್ಳು ಜಾತಿ. ಇಲ್ಲಿನ ನೆಲದ್ದಲ್ಲ. ನೋಡಲು ಚೆಲುವೇನೂ ಇಲ್ಲ, ಒಳಗೆ ನುಗ್ಗಲು ಹೋದರೆ ಅಂಗಿ ಹರಿಯುತ್ತದೆ. ಆದರೆ ಮರಳನ್ನು ಹಿಡಿದದ್ದು ಅದೇ. ಅದು ಹಿಡಿದ ಮೇಲೆ ನೇರಕ್ಕೆ ಏರುವ, ಕೆಂಪು ತೊಗಟೆಯ ಸ್ಕಾಟ್ಸ್ ಪೈನ್ ಬೆಳೆಯಿತು. ಪ್ರವಾಸಿಗರು ಫೋಟೊ ತೆಗೆಯುವುದು ಇದನ್ನು.

ಈ ಕೂಲಿ ಮಾಡಿದವರೆಲ್ಲ ತಮ್ಮೂರು ಉಳಿಸಿಕೊಳ್ಳಲು ಹೊರಟ ಬೆಸ್ತರಲ್ಲ. ನಿಡಾದ ದಕ್ಷಿಣಕ್ಕೆ, ಪಾರ್ನಿಡಿಸ್ ದಿಬ್ಬದ ಬುಡದಲ್ಲಿ ಒಂದು ತಗ್ಗಿದೆ. ಮೌನದ ಕಣಿವೆ ಎನ್ನುತ್ತಾರೆ, ಸಾವಿನ ಕಣಿವೆ ಎಂದೂ ಹೇಳುವುದುಂಟು. ಫ್ರಾನ್ಸ್–ಪ್ರಷ್ಯಾ ಯುದ್ಧದಲ್ಲಿ ಸೆರೆಸಿಕ್ಕ ಫ್ರೆಂಚ್ ಸೈನಿಕರನ್ನು 1870ರಿಂದ 1872ರವರೆಗೆ ಇಲ್ಲಿ ಕೂಡಿಹಾಕಿ, ದಿಬ್ಬಗಳಿಗೆ ಗಿಡ ನೆಡಿಸಿದರು. ಚಳಿ, ಹಸಿವು, ಕಾಯಿಲೆಗಳಿಗೆ ಅವರಲ್ಲಿ ಅನೇಕರು ಸತ್ತರು. ಪರಿಸರ ಸಂರಕ್ಷಣೆಯ ಯಶಸ್ಸಿನ ಕತೆಗಳಲ್ಲಿ ಈ ಪುಟವನ್ನು ಬೇಗ ಮಗುಚಿಬಿಡುತ್ತಾರೆ. ಮರಳಿನ ಅಲೆಗಳನ್ನು ನೋಡಲು ಬರುವವರೂ ಕಣಿವೆಯನ್ನು ಮೇಲಿನಿಂದ ಒಂದು ಸಲ ನೋಡಿ ಮುಂದೆ ಹೋಗುತ್ತಾರೆ. ನಾವೂ ಹಾಗೆಯೇ ಹೋದೆವು.

ಪಾರ್ನಿಡಿಸ್‌ನ ಎತ್ತರ ಸಮುದ್ರಮಟ್ಟದಿಂದ 52 ಮೀಟರು. ಮರದ ಮೆಟ್ಟಿಲು ಹತ್ತಿ ನೆತ್ತಿಗೆ ಬಂದಾಗ ಕೊನೆಗೂ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ದಕ್ಷಿಣಕ್ಕೆ ಗಡಿಯವರೆಗೆ ಬರೀ ಮರಳು. ಪೂರ್ವಕ್ಕೆ ಅದು ಕಡಿದಾಗಿ ಲಗೂನಿಗೆ ಇಳಿಯುತ್ತದೆ. ಒಂದೇ ಕಡೆ ನಿಂತು ತಲೆ ತಿರುಗಿಸಿದರೆ ಎಡಕ್ಕೆ ಲಗೂನು, ಬಲಕ್ಕೆ ಕಾಡಿನಾಚೆ ಸಮುದ್ರ. ಫ್ರಾನ್ಸಿನ ದಾರ್ಶನಿಕ ಸಾರ್ತ್ರ್ 1965ರಲ್ಲಿ ಲೇಖಕಿ ಸಿಮೊನ್ ದ ಬೊವ್ವಾರ್ ಜೊತೆ ಬಂದಿದ್ದಾಗ ಇಲ್ಲಿಯ ಮರಳಿನಲ್ಲಿ ಗಾಳಿಗೆ ಎದುರಾಗಿ ಮುಂದಕ್ಕೆ ಬಾಗಿ ನಡೆಯುತ್ತಿದ್ದುದನ್ನು ಲಿಥುವೇನಿಯಾದ ಛಾಯಾಗ್ರಾಹಕ ಅಂತಾನಸ್ ಸುತ್ಕುಸ್ ಚಿತ್ರ ತೆಗೆದ. ಅದು ಆ ದಾರ್ಶನಿಕನ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದಾಯಿತು. ನೆತ್ತಿಯಲ್ಲಿ 1995ರಲ್ಲಿ ನಿಲ್ಲಿಸಿದ ಗ್ರಾನೈಟಿನ ದೊಡ್ಡ ಸೂರ್ಯಗಡಿಯಾರವಿದೆ. 1999ರ ಚಂಡಮಾರುತಕ್ಕೆ ಅದರ ಕಂಬವೇ ಮುರಿದುಬಿತ್ತು, ಮತ್ತೆ ನಿಲ್ಲಿಸಿದ್ದು 2011ರಲ್ಲಿ. ಮರಳು ಸರಿಯುವ ದಿಬ್ಬದ ಮೇಲೆ ಕಲ್ಲಿನ ಕಂಬ ನೆಡುವುದು ಜಾಣತನವೇ ಎಂದು ನನಗೆ ಅನುಮಾನ. ಪಾರ್ನಿಡಿಸ್ ವರ್ಷ ವರ್ಷ ಕುಗ್ಗುತ್ತಿದೆ. ಹೊಸ ಮರಳು ಸಮುದ್ರದಿಂದ ಬರದಂತೆ ಕಾವಲು ದಿಬ್ಬವೂ ಕಾಡೂ ತಡೆದಿವೆ. ಇದ್ದ ಮರಳನ್ನು ಗಾಳಿ ಲಗೂನಿಗೆ ತಳ್ಳುತ್ತದೆ, ಮೆಟ್ಟಿಲು ಬಿಟ್ಟು ಇಳಿಜಾರಿನಲ್ಲಿ ಓಡುವವರ ಕಾಲು ಅದಕ್ಕೆ ನೆರವಾಗುತ್ತದೆ. ಕಾಡು ಗೆದ್ದದ್ದರಿಂದಲೇ ದಿಬ್ಬ ಸೋಲುತ್ತಿದೆ.

ಲಿಥುವೇನಿಯಾ ಭಾಗದ ಅತಿ ಎತ್ತರದ ದಿಬ್ಬ ಪಾರ್ನಿಡಿಸ್ ಅಲ್ಲ, ಪ್ರೇಯ್ಲಾ ಹಳ್ಳಿಯ ಹತ್ತಿರದ ವೆಟ್ಸೆಕ್ರುಗಾಸ್: 67 ಮೀಟರು. ಅದನ್ನು ನೋಡಲು ಬರುವವರು ಕಡಿಮೆ. ಪೂರ್ತಿ ಪೈನ್ ಮುಚ್ಚಿಕೊಂಡು ಸಾಮಾನ್ಯ ಗುಡ್ಡದಂತಿರುವ ಅದನ್ನು ದಿಬ್ಬವೆಂದು ಯಾರಾದರೂ ಹೇಳಿದರಷ್ಟೇ ಗೊತ್ತಾಗಬೇಕು.

ನನಗೆ ಹೆಚ್ಚು ಹಿಡಿಸಿದ್ದು ಪಾರ್ನಿಡಿಸ್‌ಗಿಂತ ನಾಗ್ಲಿಯೈ ಮೀಸಲು ಪ್ರದೇಶ. ಯುವೊಡ್ಕ್ರಾಂಟೆ ಮತ್ತು ಪೆರ್ವಾಲ್ಕಾ ಊರುಗಳ ನಡುವೆ ಇದೆ. ಇಲ್ಲಿಯವು ಬೂದು ದಿಬ್ಬಗಳು; ಸತ್ತ ದಿಬ್ಬಗಳು ಎಂಬ ಹೆಸರೂ ಇದೆ, ಅಡಿಯಲ್ಲಿ ಹಳ್ಳಿಗಳು ಹೂತಿರುವುದರಿಂದ. ಒಳಗೆ ಹೋಗಲು ಒಂದೇ ಹಲಗೆಯ ದಾರಿ, ಅದು ಬಿಟ್ಟು ಕಾಲಿಡುವಂತಿಲ್ಲ. ಬೂದು ಬಣ್ಣ ಕೊಡುವುದು ಪಾಚಿ, ಒಣಹುಲ್ಲು ಮತ್ತು ಕಲ್ಲುಹೂವಿನ ಜಾತಿಯ ಪುಟ್ಟ ಜೀವಗಳು. ಹಲಗೆಯ ಮೇಲೆ ಬೋರಲಾಗಿ ಮಲಗಿ ನೋಡಿದರೆ, ಹುಡುಗ ನಕ್ಕನೆನ್ನಿ, ಒಂದು ಅಂಗೈ ಅಗಲದ ಜಾಗದಲ್ಲಿ ಬೂದಿ ಬಣ್ಣದ ಕವಲುಗಳು, ನಡುವೆ ಕಾಡು ಥೈಮ್‌ನ ಎಳೆ ಬಳ್ಳಿ, ಅದರ ಸುತ್ತ ಇರುವೆಯ ಸಾಲು. ಒಂದು ಚಪ್ಪಲಿ ತುಳಿತಕ್ಕೆ ಅದೆಲ್ಲ ಪುಡಿ. ಪುಡಿಯಾದ ಜಾಗದಲ್ಲಿ ಗಾಳಿ ಮರಳು ಕೀಳಲು ತೊಡಗುತ್ತದೆ. ಮುಂದೆ ಹೋದಂತೆ ಗಾಳಿ ಕೊರೆದ ದಿಬ್ಬದ ಮಗ್ಗುಲಲ್ಲಿ ಕಪ್ಪು ಪಟ್ಟಿಯೊಂದು ಅಡ್ಡಡ್ಡ ಹಾದುಹೋಗಿರುವುದು ಕಾಣುತ್ತದೆ. ಅದು ಒಂದು ಕಾಲದ ಕಾಡಿನ ನೆಲ. ಅದರ ಕೆಳಗೂ ಮರಳು, ಮೇಲೂ ಮರಳು. ಇಲ್ಲಿ ಕಾಡು ಬೆಳೆದು, ಮರಳು ಬಂದು ಮುಚ್ಚಿ, ಮತ್ತೆ ಕಾಡು ಬೆಳೆದ ಕತೆ ಮನುಷ್ಯರ ಕೊಡಲಿಗಿಂತ ಹಳೆಯದು.

ಬೂದು ದಿಬ್ಬ ಯುರೋಪಿನ ಒಕ್ಕೂಟದ ಕಾನೂನಿನಲ್ಲಿ ಆದ್ಯತೆಯ ರಕ್ಷಣೆ ಪಡೆದ ನೆಲೆ. ಹಾಗಾಗಿ ಇಂದು ಇಲ್ಲಿ ನಡೆಯುತ್ತಿರುವ ಕೆಲಸ ಕೇಳಿದರೆ ಕುವರ್ಟ್ ಏನೆನ್ನುತ್ತಿದ್ದನೋ. ತೆರೆದ ದಿಬ್ಬದಲ್ಲಿ ತಾನಾಗಿ ಹುಟ್ಟುವ ಪೈನ್ ಸಸಿಗಳನ್ನು ಕಡಿದು, ಕಿತ್ತು ತೆಗೆಯುತ್ತಾರೆ. ಒಂದು ಕಾಲಕ್ಕೆ ಸೆರೆಯಾಳುಗಳ ಕೈಲಿ ನೆಡಿಸಿದ ಜಾತಿಯನ್ನೇ ಈಗ ಕಳೆಯೆಂದು ಕೀಳುವುದು. ಹಲಗೆ ದಾರಿಯ ಬಳಿ ಸಿಕ್ಕ ಹಿರಿಯ ಸಿಬ್ಬಂದಿಯೊಬ್ಬರನ್ನು ಹುಡುಗನ ಮೂಲಕ ಮಾತನಾಡಿಸಿದೆ. "ಬಿಟ್ಟರೆ ಐವತ್ತು ವರ್ಷದಲ್ಲಿ ಮರಳೇ ಕಾಣದು. ಎಲ್ಲವನ್ನೂ ಕಿತ್ತರೆ ನಮ್ಮ ಮನೆ ಕಾಣದು" ಎಂದರು. ಇದನ್ನು ಸಮತೋಲನ ಎಂದು ಕರೆದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ಎಲ್ಲಿ ಕಾಡು ಇರಬೇಕು, ಎಲ್ಲಿ ಮರಳು ಇರಬೇಕು ಎಂದು ಯಾರೋ ನಕ್ಷೆಯ ಮೇಲೆ ಗೆರೆ ಎಳೆದು ನಿರ್ಧರಿಸಿದ್ದಾರೆ, ವರ್ಷವೂ ಕೂಲಿ ಕೊಟ್ಟು ಆ ಗೆರೆಯನ್ನು ಕಾಯುತ್ತಿದ್ದಾರೆ. ಹಾಗೆ ನಿರ್ಧರಿಸದೆ ಇಲ್ಲಿ ಬೇರೆ ದಾರಿಯೂ ಇಲ್ಲ. ಮುಟ್ಟದೆ ಬಿಟ್ಟರೆ ಪ್ರಕೃತಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ ಎಂಬ ಮಾತು ಈ ದಂಡೆಯ ಮಟ್ಟಿಗೆ ಸುಳ್ಳು.

ನೆಟ್ಟ ಕಾಡಿಗೂ ಅದರದೇ ಕಷ್ಟಗಳಿವೆ. ಮುಪ್ಪಾದ ಬೆಟ್ಟದ ಪೈನ್ ಒಣಗಿ, ಅಂಟು ತುಂಬಿಕೊಂಡು, ಕಿಡಿ ಬಿದ್ದರೆ ಸಾಕೆಂದು ಕಾದಿರುತ್ತದೆ. 2006ರಲ್ಲಿ ದಂಡೆಯ ಉತ್ತರ ತುದಿಯ ಸ್ಮಿಲ್ಟಿನೆಯಿಂದ ಇತ್ತ ಹೊತ್ತಿದ ಬೆಂಕಿಗೆ ಇನ್ನೂರು ಹೆಕ್ಟೇರಿಗೂ ಹೆಚ್ಚು ಕಾಡು ಹೋಯಿತು. ಇನ್ನು ಯುವೊಡ್ಕ್ರಾಂಟೆಯ ಹತ್ತಿರ, ಕೊಡಲಿಯಿಂದ ತಪ್ಪಿಸಿಕೊಂಡು ಉಳಿದ ಹಳೆಯ ಕಾಡಿನ ತುಣುಕೊಂದಿದೆ. ಅಲ್ಲಿ ಬೂದು ಬಕಗಳೂ ನೀರುಕಾಗೆಗಳೂ ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ನೀರುಕಾಗೆಯ ಹಿಕ್ಕೆಗೆ ದೊಡ್ಡ ದೊಡ್ಡ ಪೈನ್‌ಗಳು ಸುಟ್ಟಂತಾಗಿ, ಬೋಳು ಕಂಬಗಳಾಗಿ ನಿಂತಿವೆ. ಹಳೆಯ ಮರವೂ ಬೇಕು, ಹಕ್ಕಿಯೂ ಬೇಕು. ಅಲ್ಲಿ ಮೂಗು ಮುಚ್ಚಿಕೊಂಡೇ ನಿಂತು ಈ ಸಮಸ್ಯೆಯನ್ನು ಯೋಚಿಸಬೇಕು.

ನಿಡಾ ಊರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ; ಅದು ಚಂದವಿದೆ, ತಾನು ಚಂದವಿರುವುದು ಅದಕ್ಕೆ ಗೊತ್ತೂ ಇದೆ. ನೀಲಿ, ಕಂದು ಬಳಿದ ಮರದ ಮನೆಗಳು, ಜೊಂಡಿನ ಸೂರು. 1844ರಲ್ಲಿ ಯಾವ ಹಳ್ಳಿಯ ದೋಣಿ ಯಾವುದೆಂದು ಗುರುತಿಸಲು ಕಡ್ಡಾಯ ಮಾಡಿದ ಬಾವುಟಗಳು ಮುಂದೆ ಕುಸುರಿ ಕೆತ್ತನೆಯ ಗಾಳಿಸೂಚಕಗಳಾಗಿ ಬೆಳೆದು, ಈಗ ಅಂಗಡಿಗಳಲ್ಲಿ ಮಾರಾಟಕ್ಕಿವೆ. ಜರ್ಮನ್ ಲೇಖಕ ಥಾಮಸ್ ಮನ್ ನೊಬೆಲ್ ಪಡೆದ ಮರುವರ್ಷ, 1930ರಲ್ಲಿ, ಲಗೂನಿಗೆ ಮುಖಮಾಡಿದ ಗುಡ್ಡದ ಮೇಲೆ ಬೇಸಿಗೆ ಮನೆ ಕಟ್ಟಿಸಿ ಮೂರು ಬೇಸಿಗೆ ಕಳೆದ. 1933ರಲ್ಲಿ ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟವನು ಈ ಮನೆಗೆ ಮತ್ತೆ ಬರಲಿಲ್ಲ. ಮನೆ ಈಗ ವಸ್ತುಸಂಗ್ರಹಾಲಯ. ಇದೆಲ್ಲ ಕಟ್ಟಿ ಬೆಳೆಸಿದ, ಕುರ್ಸೆನಿಯೆಕಿ ಎಂಬ ಮಾತಾಡುತ್ತಿದ್ದ ಬೆಸ್ತ ಜನ ಎರಡನೆಯ ಮಹಾಯುದ್ಧದ ಕೊನೆಗೆ ಊರು ಬಿಟ್ಟು ಜರ್ಮನಿಯ ಕಡೆ ಚದುರಿಹೋದರು. ಅವರ ಮಾತೂ ಅವರೊಂದಿಗೆ ಹೋಯಿತು. ಚಳಿಗಾಲದಲ್ಲಿ ಮೀನು ಸಿಗದಾಗ ಅವರು ವಲಸೆ ಬರುವ ಕಾಗೆಗಳಿಗೆ ಬಲೆ ಬೀಸಿ ತಿನ್ನುತ್ತಿದ್ದರಂತೆ. ಮರಳ ಮೇಲಿನ ಬದುಕು ಎಷ್ಟು ಬಡವಾಗಿತ್ತು ಎನ್ನುವುದಕ್ಕೆ ಬೇರೆ ಪುರಾವೆ ಬೇಡ. ಈಗ ಅದೇ ದಡದಲ್ಲಿ ಹೊಗೆಗೂಡಿನಿಂದ ಆಗಷ್ಟೇ ತೆಗೆದ ಮೀನನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಹಾವುಮೀನಿನ ಬೆಲೆ ಕೇಳಿ ಹುಡುಗ ಕೈ ಹಿಂದೆ ತೆಗೆದುಕೊಂಡ.

ಹೋಗುವ ಮನಸ್ಸಿದ್ದವರು ಜುಲೈ, ಆಗಸ್ಟಿನ ಜಾತ್ರೆ ತಪ್ಪಿಸಿ ಸೆಪ್ಟೆಂಬರಿನಲ್ಲಿ ಹೋಗಿ. ಆಗ ವಲಸೆ ಹಕ್ಕಿಗಳೂ ತಲೆಯ ಮೇಲೆ ಸಾಲುಗಟ್ಟಿರುತ್ತವೆ. ಸ್ವಂತ ಕಾರಿಗೆ ಪ್ರವೇಶ ಶುಲ್ಕವಿದೆ, ಬಸ್ಸು ಅಥವಾ ಸೈಕಲ್ ವಾಸಿ. ನಾಗ್ಲಿಯೈಯಲ್ಲಿ ಹಲಗೆ ಬಿಟ್ಟು, ಪಾರ್ನಿಡಿಸ್‌ನಲ್ಲಿ ಮೆಟ್ಟಿಲು ಬಿಟ್ಟು ಇಳಿಯಬೇಡಿ, ಫೋಟೊಗಾಗಿಯಂತೂ ಬೇಡವೇ ಬೇಡ. ಮೌನದ ಕಣಿವೆಯ ಕಡೆ ನಾವು ಕೊಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಅಲ್ಲಿಂದ ದಕ್ಷಿಣಕ್ಕೆ ಗ್ರೋಬ್ಷ್ಟಾಸ್ ಮೀಸಲು ಪ್ರದೇಶ, ಪ್ರವೇಶವಿಲ್ಲ. ಅದರಾಚೆ ರಷ್ಯಾದ ಗಡಿ. ಒಂದೇ ಪರಂಪರೆಯ ತಾಣವೆಂದು ಯುನೆಸ್ಕೊ ದಾಖಲಿಸಿರುವ ದಂಡೆಯ ಉಳಿದ 46 ಕಿಲೋಮೀಟರಿಗೆ ಬೇರೆ ವೀಸಾ, ಬೇರೆ ದಾರಿ.